ಒಣ ಬೆಳಕಿನ ಹನ್ನೊಂದು ತಿಂಗಳು

ನಮ್ಮೂರಿನಲ್ಲಿ ಸಂಜೆ ದೀಪ ಹತ್ತಿದ ಕೂಡಲೇ ಹೆಂಗಸರು ಮೊದಲು ಮಾಡುವ ಕೆಲಸ ಬಲ್ಬಿನ ಕೆಳಗೆ ಅಂಗೈ ಚಾಚುವುದು. ಅಂಗೈ ಒಣಗಿದ್ದರೆ ಸರಿ, ಹಪ್ಪಳದ ಮೊರಗಳನ್ನು ಹಾಗೇ ಬಿಡುತ್ತಾರೆ. ತೇವ ಹತ್ತಿದರೆ "ಇವತ್ತು ಬೆಳಕು ಹಸಿ ಕಣ್ರೇ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಮೊರಗಳನ್ನು ಅಟ್ಟಕ್ಕೆ ಏರಿಸಿ, ಬೆಂಕಿಪೊಟ್ಟಣವನ್ನು ಅಕ್ಕಿ ಡಬ್ಬಿಯೊಳಗೆ ಹುದುಗಿಸುತ್ತಾರೆ. ಹಸಿ ಬೆಳಕಿನ ದಿನ ಗೋಡೆಯ ಸುಣ್ಣ ಉಬ್ಬುತ್ತದೆ, ಮಕ್ಕಳ ಕಾಪಿ ಪುಸ್ತಕದಲ್ಲಿ ಶಾಯಿ ಹರಡುತ್ತದೆ. ಸಿನಿಮಾ ಟೆಂಟಿನಲ್ಲಿ ಮುಂದಿನ ಸಾಲಿನವರು ಕೊಡೆ ಬಿಚ್ಚಿ ಕೂರುತ್ತಾರೆ, ಹಿಂದಿನವರು ಬೈಯುತ್ತಾರೆ. ಇದಕ್ಕೆಲ್ಲ ನಮ್ಮವರು ಎಪ್ಪತ್ತೈದು ವರ್ಷದಿಂದ ಹೊಂದಿಕೊಂಡಿದ್ದಾರೆ. ಹೊಂದಿಕೊಳ್ಳುವುದರಲ್ಲಿ ನಮ್ಮೂರಿನವರನ್ನು ಮೀರಿಸಿದವರಿಲ್ಲ. ನನ್ನ ಸಿಟ್ಟೆಲ್ಲ ಅದರ ಮೇಲೇ.

ಊರಿನ ಮೇಲುಗಡೆ ಗುಡ್ಡದ ನೆತ್ತಿಯಲ್ಲಿ ಒಂದು ಕಲ್ಲು ತೊಟ್ಟಿ ಇದೆ. ಹೊಳೆಯ ನೀರು ಕಾಲುವೆಯಲ್ಲಿ ಬಂದು ಅಲ್ಲಿ ನಿಂತು, ಕಬ್ಬಿಣದ ಕೊಳವೆಯೊಳಗೆ ನುಗ್ಗಿ, ಗುಡ್ಡದ ಬುಡದ ಪವರ್ ಹೌಸಿನಲ್ಲಿ ಚಕ್ರ ತಿರುಗಿಸುತ್ತದೆ. ಕೊಳವೆಯ ಬಾಯಿಗೆ ಒಂದು ಜಾಲರಿ. ಎಲೆ, ಕಡ್ಡಿ, ಸತ್ತ ಮೀನು ಅದಕ್ಕೆ ಬಂದು ಕಚ್ಚಿಕೊಳ್ಳುತ್ತವೆ. ಹಲಗೆಯ ಮೇಲೆ ನಿಂತು ಉದ್ದನೆಯ ದೋಟಿಯಿಂದ ಅವನ್ನು ಎಳೆದು ಹಾಕುತ್ತಿರಬೇಕು. ಆ ಕೆಲಸ ನಮ್ಮ ಮನೆಯ ಹೆಂಗಸರದ್ದು. ಬೇರೆ ಯಾರು ದೋಟಿ ಹಿಡಿದರೂ ಕೆಳಗೆ ಚಕ್ರ ತಿರುಗುತ್ತದೆ, ಮೀಟರಿನ ಮುಳ್ಳು ಏರುತ್ತದೆ, ದೀಪ ಮಾತ್ರ ಹತ್ತುವುದಿಲ್ಲ. ನಮ್ಮ ಮನೆಯವಳು ಹಿಡಿದರೆ ಹತ್ತುತ್ತದೆ. ಅವಳು ಅತ್ತರೆ ಬೆಳಕು ಹಸಿ, ಅಳದಿದ್ದರೆ ಒಣ.

ಹೀಗಾಗಿ ಅವಳು ಅಳದಂತೆ ನೋಡಿಕೊಳ್ಳುವುದು ಊರಿನ ಕೆಲಸವಾಯಿತು. ಈಗ ದೋಟಿ ಹಿಡಿಯುವವಳು ಸಾಕಮ್ಮ, ನನ್ನ ಅಮ್ಮನ ಅಕ್ಕ, ನನಗೆ ದೊಡ್ಡಮ್ಮ. ಅವಳ ಮನೆಯ ಮುಂದೆ ಹಾಯುವವರು ನಗುತ್ತಾ ಹಾಯಬೇಕು. ಹೆಣಗಳು ಹಿಂದಿನ ದಾರಿಯಲ್ಲಿ ಹುಲ್ಲಿನ ಗಾಡಿಯೊಳಗೆ, ತಮಟೆಯಿಲ್ಲದೆ ಹೋಗುತ್ತವೆ. ಪವರ್ ಹೌಸಿನ ಕೆಲಸದ ಪಟ್ಟಿಯಲ್ಲಿ 'ನಗೆ ಡ್ಯೂಟಿ' ಎಂದು ಒಂದು ಸಾಲೇ ಇದೆ. ಹೆಚ್ಚಾಗಿ ಅದು ಲೈನ್‌ಮನ್ ಹೊನ್ನಪ್ಪನ ಪಾಲಿಗೆ ಬರುತ್ತದೆ. ಅವನು ಬೆಳಿಗ್ಗೆ ಗುಡ್ಡ ಹತ್ತಿ ಬಂದು, "ಅಕ್ಕೋ, ನಮ್ಮತ್ತೆ ಬಂದವ್ರೆ. ಎಮ್ಮೆ ಹಾಲು ಕೊಡೋದ್ ನಿಲ್ಸ್‌ಬುಡ್ತು" ಎನ್ನುತ್ತಾನೆ. "ಎಮ್ಮೆಗಾದ್ರೂ ಮಾನ ಅದೆ ಬುಡು" ಎಂದು ದೊಡ್ಡಮ್ಮ ನಗುತ್ತಾಳೆ. ಹನ್ನೆರಡು ವರ್ಷದಿಂದ ಅದೇ ಅತ್ತೆ, ಅದೇ ಎಮ್ಮೆ. ಅವಳ ಗಂಡ ಅವಳ ಕಣ್ಣೆದುರೇ ಪ್ರಾಣ ಬಿಟ್ಟಾಗ ಮಾತ್ರ ಏನನ್ನೂ ಮುಚ್ಚಿಡಲಾಗಲಿಲ್ಲ. ಹನ್ನೊಂದನೇ ದಿನ ಊರಿನ ನಾಲ್ಕು ಜನ ದೊಡ್ಡವರು ಬಾಗಿಲಿಗೆ ಬಂದು, "ಸಾಕಮ್ಮ, ಎಲ್ರಿಗೂ ಬರೋದೇ ಇದು. ಇನ್ ಸಾಕು ಮಾಡು, ಸಂಡಿಗೆ ಹಿಟ್ಟೆಲ್ಲ ಬೂಸಲು ಬರ್ತಾ ಅದೆ" ಎಂದದ್ದು ನನಗೆ ಚೆನ್ನಾಗಿ ನೆನಪಿದೆ.

ನನ್ನ ಪಾಲಿನ ಕೆಲಸ ಕತ್ತರಿಯದು. ದೊಡ್ಡಮ್ಮನಿಗೆ ಓದು ಬಾರದು, ಆದರೆ ಪೇಪರಿನ ಚಿತ್ರ ನೋಡುವುದೆಂದರೆ ಇಷ್ಟ. ಆರನೇ ಕ್ಲಾಸಿನಿಂದಲೂ ಪ್ರತಿದಿನ ಶ್ರದ್ಧಾಂಜಲಿಯ ಫೋಟೋಗಳನ್ನು ಚೌಕವಾಗಿ ಕತ್ತರಿಸಿ ತೆಗೆದು ಉಳಿದ ಪೇಪರನ್ನು ಅವಳಿಗೆ ಕೊಡುವವಳು ನಾನೇ. ಬಂದ ಕಾಗದಗಳನ್ನು ಓದಿ ಹೇಳುವವಳೂ ನಾನೇ. ಜೋರಾಗಿ ಮಾತಾಡಲು ಬಾರದ, ನಾಲ್ಕು ಜನ ಸೇರಿದ ಕಡೆ ಕಂಬದ ಹಿಂದೆ ನಿಲ್ಲುವ ಹುಡುಗಿಗೆ ಇದು ಹೇಳಿ ಮಾಡಿಸಿದ ಕೆಲಸವೆಂದು ಎಲ್ಲರೂ ಹೇಳಿದರು. ನಾನೂ ನಂಬಿದೆ. ಒಮ್ಮೆ ಒಂದು ಕಾಗದದಲ್ಲಿ ಎರಡು ಸಾಲು ನುಂಗಿ ಓದಿದ್ದೆ. ರತ್ನಳ ಗಂಡ ಅವಳಿಗೆ ಹೊಡೆದ ಸಂಗತಿ. ಅದನ್ನು ಡೈರಿಯಲ್ಲಿ ಬರೆದುಕೊಂಡೆ, ಬಾಯಿ ಬಿಡಲಿಲ್ಲ. ರತ್ನ ದೊಡ್ಡಮ್ಮನ ಒಬ್ಬಳೇ ಮಗಳು, ಬಯಲುಸೀಮೆಗೆ ಕೊಟ್ಟಿದ್ದಾರೆ. ಚಿಕ್ಕವಳಿದ್ದಾಗ ನನ್ನ ಪರವಾಗಿ ಬೀದಿಯಲ್ಲಿ ಜಗಳವಾಡುತ್ತಿದ್ದವಳು ಅವಳೇ.

ಈ ವರ್ಷ ಪವರ್ ಹೌಸಿಗೆ ಎಪ್ಪತ್ತೈದು ತುಂಬುತ್ತದೆಂದು, ಮಂತ್ರಿಗಳನ್ನು ಕರೆಸಿ ಹಬ್ಬ ಮಾಡಲು ಒಂದು ಸಮಿತಿ ಆಯಿತು. ಅಧ್ಯಕ್ಷರು ನಂಜುಂಡಾರಾಧ್ಯ ಮೇಷ್ಟ್ರು, ಹೈಸ್ಕೂಲಿನಲ್ಲಿ ನನಗೆ ಪಾಠ ಹೇಳಿದವರು. "ವಾರಿಜ, ನೀನು ಚರಿತ್ರೆಯಲ್ಲಿ ಬಿ.ಎ. ಮಾಡಿದ್ದೀಯ. ಅಕ್ಷರ ಮುತ್ತಿನ ಹಾಗಿದೆ. ಸ್ಮರಣ ಸಂಚಿಕೆಗೆ ಪವರ್ ಹೌಸಿನ ಚರಿತ್ರೆ ನೀನೇ ಬರಿ" ಎಂದರು. ಹಳೆಯ ಕಪಾಟಿನ ಬೀಗದ ಕೈಯನ್ನೂ ಕೊಟ್ಟರು. ನಾಲ್ಕು ವಾರ ನಾನು ಡೈನಮೋದ ಸದ್ದಿನ ಪಕ್ಕ ಕೂತು ಲಾಗ್ ಪುಸ್ತಕಗಳನ್ನು ಓದಿದೆ. ಹಡಗಿನಲ್ಲಿ ಬಂದ ಎರಡು ಟರ್ಬೈನ್‌ಗಳ ನಂಬರು ಅವುಗಳಲ್ಲಿ ಇತ್ತು. ಅವನ್ನು ರೈಲು ನಿಲ್ದಾಣದಿಂದ ಎಳೆದು ತಂದ ಹದಿನಾರು ಜೊತೆ ಎತ್ತುಗಳ ಬಣ್ಣ ಕೂಡ ಇತ್ತು. ಬಿಳಿಯ ಎಂಜಿನಿಯರನ ನಾಯಿಗೆ ಜ್ವರ ಬಂದ ದಿನ ಇತ್ತು. ಕೊಳವೆಯ ತುಂಡುಗಳನ್ನು ಹೆಗಲ ಮೇಲೆ ಗುಡ್ಡ ಹತ್ತಿಸಿದವರನ್ನು ಮಾತ್ರ 'ಆಳು ೨೧೦' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಪ್ರತಿ ದಿನದ ಕೊನೆಗೆ ಒಂದು ಸಾಲು: 'ಬೆಳಕು ಒಣ' ಅಥವಾ 'ಬೆಳಕು ಹಸಿ'. ಯಾಕೆ ಹಸಿಯೆಂದು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ.

ನಮ್ಮೂರಿನ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸುವ ಒಂದು ಸಂಗತಿಯಿದೆ. ದಿವಾನರು ಬಂದು ಮೊದಲ ದೀಪ ಹತ್ತಿಸಿದ ದಿನದಿಂದ ಸತತ ಹನ್ನೊಂದು ತಿಂಗಳು ಬೆಳಕು ಒಂದು ದಿನವೂ ಹಸಿಯಾಗಲಿಲ್ಲ. ಅದು ನಮ್ಮ ಸುವರ್ಣ ಕಾಲ. ಹಪ್ಪಳಕ್ಕೆ ಹೆಸರು ಬಂದದ್ದು ಆಗಲೇ. ಆಗ ದೋಟಿ ಹಿಡಿದಿದ್ದವಳು ದ್ಯಾವಮ್ಮ, ನನ್ನ ಅಜ್ಜಿಯ ತಾಯಿ. ಅವಳ ಗಂಡ ಕೆಂಪಣ್ಣ ಕೊಳವೆ ಸಾಗಿಸುವ ಕೆಲಸಕ್ಕೆಂದು ದೂರದ ರೈಲು ನಿಲ್ದಾಣಕ್ಕೆ ಹೋಗಿ ಅಲ್ಲೇ ಸತ್ತ, ಅವನ ಕಂಬಳಿ ಮಾತ್ರ ಬಂತು ಎಂಬುದು ನಮ್ಮ ಮನೆಯಲ್ಲಿ ಗೊತ್ತಿದ್ದ ಕಥೆ. ಲಾಗ್ ಪುಸ್ತಕದಲ್ಲಿ ನಾನು ಓದಿದ್ದು ಬೇರೆ. ದೀಪ ಹತ್ತಿಸುವುದಕ್ಕೆ ಮೂರು ದಿನ ಮುಂಚೆ ಕೊಳವೆಗೆ ಮೊದಲ ಬಾರಿ ನೀರು ಬಿಟ್ಟಿದ್ದರು. ಮೂರನೇ ತಿರುವಿನ ಕೀಲು ಬಿಚ್ಚಿಕೊಂಡು, ಬೋಲ್ಟು ಬಿಗಿಯುತ್ತಿದ್ದ ನಾಲ್ವರು ನೀರಿನ ಹೊಡೆತಕ್ಕೆ ಬಂಡೆಗೆ ಬಡಿದು ಸತ್ತಿದ್ದರು. ಎರಡನೇ ಹೆಸರು ಕೆಂಪಣ್ಣನದು. ಕೆಳಗೆ ಕೆಂಪು ಶಾಯಿಯಲ್ಲಿ, 'ಜಾಲರಿಯ ಹೆಂಗಸಿಗೆ ತಿಳಿಸತಕ್ಕದ್ದಲ್ಲ, ಗಂಡನನ್ನು ರೈಲು ನಿಲ್ದಾಣಕ್ಕೆ ಕಳಿಸಿದೆ ಎನ್ನತಕ್ಕದ್ದು. ದಿವಾನರ ಸವಾರಿ ಇದೆ' ಎಂದಿತ್ತು.

ಸವಾರಿ ಮುಗಿದ ಮೇಲಾದರೂ ಹೇಳಬಹುದಿತ್ತಲ್ಲ. ಹೇಳಲಿಲ್ಲ. ಬೆಳಕು ಅಷ್ಟು ಚೆನ್ನಾಗಿ ಒಣಗಿತ್ತು. ಕಪಾಟಿನ ತಳದಲ್ಲಿ ದಾರ ಕಟ್ಟಿದ ಒಂಬತ್ತು ಪೋಸ್ಟ್ ಕಾರ್ಡುಗಳಿದ್ದವು. ಲಾಗ್ ಬರೆದ ಗುಮಾಸ್ತನದೇ ಅಕ್ಷರ. 'ದ್ಯಾವಮ್ಮನಿಗೆ ಕೆಂಪಣ್ಣನ ಆಶೀರ್ವಾದ. ನಾನು ಇಲ್ಲಿ ಕ್ಷೇಮ. ಕೊಳವೆ ಸಾಗಿಸುವ ಕೆಲಸ ಇನ್ನೂ ಮುಗಿದಿಲ್ಲ. ನೀನು ಸದಾ ಸಂತೋಷದಿಂದ ಇರತಕ್ಕದ್ದು.' ಯಾವ ಗಂಡ ಹೆಂಡತಿಗೆ 'ಇರತಕ್ಕದ್ದು' ಎಂದು ಹೇಳಿ ಕಳಿಸುತ್ತಾನೆ? ಎಂಟನೇ ಕಾರ್ಡಿನಲ್ಲಿ, 'ಹೆಣ್ಣು ಮಗುವಾದ ಸುದ್ದಿ ತಿಳಿದು ಆನಂದವಾಯಿತು. ಪ್ರಭಾವತಿ ಎಂದು ಹೆಸರಿಡತಕ್ಕದ್ದು' ಎಂದಿತ್ತು. ಪ್ರಭಾವತಿ ನನ್ನ ಅಜ್ಜಿ. ನಮ್ಮ ಕೇರಿಯಲ್ಲಿ ಯಾರಿಗೂ ಇಲ್ಲದ ಆ ಹೆಸರನ್ನು ಅವಳು, ಅಪ್ಪ ದೂರದಲ್ಲಿದ್ದರೂ ಪ್ರೀತಿಯಿಂದ ಆರಿಸಿ ಕಳಿಸಿದ್ದು ಎಂದು ಸಾಯುವ ತನಕ ಹೇಳಿಕೊಂಡು ಓಡಾಡಿದಳು. ಒಬ್ಬ ಗುಮಾಸ್ತ ಊಟದ ಬಿಡುವಿನಲ್ಲಿ ಇಟ್ಟ ಹೆಸರು. ಪ್ರತಿ ಕಾರ್ಡಿನ ಹಿಂದೆ ಒಂದು ಷರಾ: 'ಓದಿ ಹೇಳಲಾಯಿತು. ನಕ್ಕಳು.'

ಹನ್ನೊಂದನೇ ತಿಂಗಳಲ್ಲಿ ಆ ಗುಮಾಸ್ತನಿಗೆ ವರ್ಗವಾಯಿತು. ಹೊಸದಾಗಿ ಬಂದವನು ಏನೂ ತಿಳಿಯದೆ ದ್ಯಾವಮ್ಮನನ್ನು ಕರೆದು, ಸತ್ತವನ ಕಂಬಳಿ ಉಗ್ರಾಣದಲ್ಲಿ ಬಿದ್ದಿದೆ ತೆಗೆದುಕೊಂಡು ಹೋಗು ಎಂದನಂತೆ. ಮುಂದಿನ ನಲವತ್ತು ದಿನ ಬೆಳಕು ಹಸಿ. ಊರಿನವರು ಅರ್ಜಿ ಕೊಟ್ಟಿದ್ದರು. 'ಸದರಿ ಹೆಂಗಸಿನ ಅಳುವಿನಿಂದ ವ್ಯಾಪಾರಕ್ಕೆ ತೊಂದರೆ' ಎಂಬ ಒಕ್ಕಣೆಯ ಕೆಳಗೆ ನೂರ ಹನ್ನೆರಡು ರುಜು. ಅವನು ಯಾವತ್ತು ಸತ್ತನೆಂಬುದನ್ನು ಅವಳಿಗೆ ಆಗಲೂ ಯಾರೂ ಹೇಳಲಿಲ್ಲ.

ಕಾರ್ಡುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ ಒಂಬತ್ತನ್ನೂ ಓದಿದರು. "ಒಳ್ಳೇ ಭಾಷೆ" ಎಂದರು. ಆಮೇಲೆ, "ನೋಡಮ್ಮ ವಾರಿಜ, ಚರಿತ್ರೆ ಅಂದ್ರೆ ಸಿಕ್ಕಿದ್ದನ್ನೆಲ್ಲ ಬರೆಯೋದಲ್ಲ. ಇದು ಅಚ್ಚಾಗಿ, ಯಾರಾದ್ರೂ ಸಾಕಮ್ಮನ ಕಿವಿಗೆ ಹಾಕಿದ್ರೆ? ಹಬ್ಬದ ದಿನ ಮಂತ್ರಿಗಳ ತಲೆ ಮೇಲೆ ತೊಟ್ಟಿಕ್ಕಿದ್ರೆ? ಹನ್ನೊಂದು ತಿಂಗಳು ಒಣ ಅಂತ ಬರಿ. ಅದೇನು ಸುಳ್ಳಲ್ಲವಲ್ಲ" ಎಂದರು.

"ಆಗಲಿ ಸಾರ್" ಎಂದು ಎದ್ದು ಬಂದೆ. ಮನೆಗೆ ಬಂದು ಡೈರಿಯಲ್ಲಿ ಏಳು ಪುಟ ಬರೆದೆ. ಸಂಚಿಕೆಗೆ ಅವರು ಹೇಳಿದಂತೆಯೇ ಬರೆದುಕೊಟ್ಟೆ. ಇದನ್ನು ಮುಚ್ಚಿಡುವುದಿಲ್ಲ. ಅದರ ಕೆಳಗೆ ನನ್ನ ಹೆಸರಿದೆ.

ಹಬ್ಬ ಭಾನುವಾರ ಸಂಜೆಗೆ. ಶುಕ್ರವಾರ ಮಧ್ಯಾಹ್ನ ಹೊನ್ನಪ್ಪ ಸೈಕಲ್ ತುಳಿದುಕೊಂಡು ಬಂದು, ಮೇಷ್ಟ್ರು ಕರೆಯುತ್ತಾರೆ ಎಂದ. ನಗೆ ಡ್ಯೂಟಿಯವನ ಮುಖ ಬಾಡಿತ್ತು. ಸ್ಕೂಲಿನ ಕೋಣೆಯಲ್ಲಿ ಮೇಷ್ಟ್ರ ಮುಂದೆ ದೊಡ್ಡಮ್ಮನ ಹೆಸರಿಗೆ ಬಂದ ಒಂದು ತಂತಿ ಇತ್ತು, ಲಕೋಟೆ ಆಗಲೇ ಒಡೆದಿತ್ತು. ರತ್ನಳಿಗೆ ಹೆರಿಗೆಯಾಗಿದೆ, ವಿಪರೀತ ಜ್ವರ, ಆಸ್ಪತ್ರೆಯಲ್ಲಿದ್ದಾಳೆ, ತಾಯಿಯನ್ನು ಕೇಳುತ್ತಿದ್ದಾಳೆ, ಕೂಡಲೇ ಕಳಿಸಿ.

"ಎರಡೇ ದಿನ ಕಣಮ್ಮ" ಎಂದರು ಮೇಷ್ಟ್ರು. "ಸೋಮವಾರ ಬೆಳಿಗ್ಗೆ ನಾನೇ ನಿಂತು ಬಸ್ಸು ಹತ್ತಿಸ್ತೀನಿ. ಈಗ ಅವಳು ಹೋದ್ರೆ ದೋಟಿ ಹಿಡಿಯೋರ್ಯಾರು? ನಿಮ್ಮಮ್ಮನಿಗೆ ಮಂಡಿ ನೋವು, ಹಲಗೆ ಮೇಲೆ ನಿಲ್ಲಲಾರಳು. ನೀನು ಒಂದು ದಿನವೂ ದೋಟಿ ಹಿಡಿದವಳಲ್ಲ. ಹೇಗೂ ಸಾಕಮ್ಮ ಮಗಳ ಕಾಗದ ಬರಲಿಲ್ಲ ಅಂತ ಕೇಳ್ತಾ ಇದ್ದಾಳಂತೆ. ಹೆರಿಗೆ ಸುಸೂತ್ರ, ಕ್ಷೇಮ ಅಂತ ಒಂದು ಕಾರ್ಡು ಬರೆದು ಓದಿಬಿಡು. ನಿನ್ನ ದನೀಲಿ ಕೇಳಿದ್ರೆ ನಂಬ್ತಾಳೆ." ಒಂದು ಖಾಲಿ ಕಾರ್ಡನ್ನು ನನ್ನ ಕಡೆ ಸರಿಸಿದರು.

ನಾನು ಅದನ್ನು ತೆಗೆದುಕೊಂಡೆ. ಇಲ್ಲ ಎನ್ನಲು ಬರಲಿಲ್ಲವೆಂದಲ್ಲ, ಯಾರಿಗಾದರೂ ಇಲ್ಲ ಎಂದು ಅಭ್ಯಾಸವೇ ಇರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ. 'ಅಮ್ಮನಿಗೆ ರತ್ನ ಮಾಡುವ ನಮಸ್ಕಾರ. ನಾನು ಇಲ್ಲಿ ಕ್ಷೇಮ. ಮಗು ಕ್ಷೇಮ. ನೀನು ಸಂತೋಷದಿಂದ ಇರತಕ್ಕದ್ದು' ಎಂದು ಬರೆದಾಗ ಪೆನ್ನು ನಿಂತಿತು. ರತ್ನ ಜನ್ಮದಲ್ಲಿ ಯಾರಿಗೂ ಹಾಗೆ ಹೇಳಿದವಳಲ್ಲ. ಆ ಮಾತು ನನ್ನೊಳಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಎಪ್ಪತ್ತೈದು ವರ್ಷದ ಹಿಂದಿನ ಆ ಗುಮಾಸ್ತ ಎಂದೋ ಸತ್ತುಹೋಗಿದ್ದಾನೆಂದು ತಿಳಿದಿದ್ದೆ. ಅವನು ನನ್ನ ಬೆರಳ ತುದಿಯಲ್ಲಿ ಕೂತಿದ್ದ.

ಶನಿವಾರ ಬೆಳಗಾಗುತ್ತಲೇ ಗುಡ್ಡ ಹತ್ತಿದೆ. ದೊಡ್ಡಮ್ಮ ಹಲಗೆಯ ಮೇಲೆ ನಿಂತು ಆಲದ ಎಲೆಗಳನ್ನು ಎಳೆದು ಗುಡ್ಡೆ ಹಾಕುತ್ತಿದ್ದಳು. "ಏನವ್ವ ಇಷ್ಟೊತ್ತಿಗೇ? ಪೇಪರ್ ತಂದ್ಯಾ?" ಎಂದಳು. ನಾನು ಕಾರ್ಡನ್ನು ಅವಳ ಮುಂದೆಯೇ ಹರಿದು ತೊಟ್ಟಿಗೆ ಹಾಕಿ, ತಂತಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನುಂಗಿದ್ದ ಎರಡು ಸಾಲನ್ನೂ ಹೇಳಿದೆ. ಕೆಂಪಣ್ಣನದನ್ನೂ ಹೇಳಿದೆ. ಅಷ್ಟು ಮಾತನ್ನು ಒಂದೇ ಸಲ ನಾನು ಆಡಿದ್ದು ಅದೇ ಮೊದಲು.

ಅವಳು ದೋಟಿಯನ್ನು ಕಟ್ಟೆಗೆ ಒರಗಿಸಿದಳು. ಅಳಲಿಲ್ಲ. "ತಂತಿ ಯಾವತ್ತು ಬಂತು?" ಎಂದಳು.

"ನಿನ್ನೆ ಮಧ್ಯಾಹ್ನ."

"ನಿನ್ನೆ ಮಧ್ಯಾಹ್ನ" ಎಂದು ಅವಳೂ ಹೇಳಿಕೊಂಡಳು. "ನಿನ್ನೆ ಸಂಜೆ ಬಸ್ಸಿತ್ತು." ನಾನು ತಲೆ ತಗ್ಗಿಸಿದೆ. "ಪೇಪರಿನ ತೂತು ನಂಗ್ ಕಾಣಾಕಿಲ್ವಾ ವಾರಿಜ? ತೂತು ನೋಡಿ ನೋಡೀನೇ ಇವತ್ತು ಯಾರೋ ಹೋದ್ರು ಅಂದ್ಕಂಡು ಒಳಗೊಳಗೇ ಕೈ ಮುಗೀತಿದ್ದೆ. ನನ್ನ ಮಗಳ್ನೂ ಆ ತೂತಿಗೆ ಹಾಕ್ತಾರೆ ಅಂತ ಅಂದ್ಕಂಡಿರ್ಲಿಲ್ಲ." ಒದ್ದೆ ಸೆರಗನ್ನು ಹಿಂಡಿ ಸೊಂಟಕ್ಕೆ ಸಿಕ್ಕಿಸಿ ಇಳಿಯತೊಡಗಿದಳು. ನಾಲ್ಕು ಹೆಜ್ಜೆ ಇಳಿದು ತಿರುಗಿ, "ನೀನು ಅದನ್ನ ಮುಟ್ಬೇಡ. ಮುಟ್ಟಿದ್ರೆ ನಿನ್ ಮನೆ ಮುಂದ್ಲೂ ನಗಾಡ್ಕಂಡ್ ಓಡಾಡ್ತಾರೆ" ಎಂದಳು. ಎಂಟೂವರೆ ಬಸ್ಸು ಅವಳಿಗೆ ಸಿಕ್ಕಿತು.

ಆದರೂ ನಾನು ಮುಟ್ಟಿದೆ. ನಮ್ಮೂರ ಆಸ್ಪತ್ರೆಯ ಹಿಂಭಾಗದ ವಾರ್ಡಿನಲ್ಲೂ ಮೂವರು ಬಾಣಂತಿಯರಿದ್ದರು. ಮಂತ್ರಿಗಳಿಗಾಗಿ ಅಲ್ಲ, ಅವರಿಗಾಗಿ. ಸಂಜೆ ದೀಪ ಹತ್ತಿತು. ಹಸಿಯೂ ಅಲ್ಲ, ಬರಿಯ ಒಣವೂ ಅಲ್ಲ, ಬೆಳಕು ಬಿಸಿಯಾಗಿತ್ತು. ನನಗೆ ಅಷ್ಟು ಸಿಟ್ಟಿತ್ತು. ಭಾನುವಾರದ ಹಬ್ಬದಲ್ಲಿ ಮಂತ್ರಿಗಳ ಕೊರಳಿನ ಹಾರ ಗಳಿಗೆಯೊಳಗೆ ಬಾಡಿತಂತೆ, ಮೇಷ್ಟ್ರು ಭಾಷಣದ ನಡುವೆ ಶಾಲು ತೆಗೆದು ಬೀಸಿಕೊಂಡರಂತೆ. ಊರಿಗೆ ಬುದ್ಧಿ ಬಂತೆಂದು ನಾನು ಹಲಗೆಯ ಮೇಲೆ ನಿಂತು ಅಂದುಕೊಂಡೆ. ಸೋಮವಾರ ಕೆಳಗಿಳಿದು ನೋಡಿದರೆ ಬೀದಿಯ ಪ್ರತಿ ಕಂಬದ ಕೆಳಗೆ ಮೊರಗಳ ಸಾಲು. "ನಿನ್ ಬೆಳಕಲ್ಲಿ ಉದ್ದಿನ ಹಪ್ಪಳ ಒಂದೇ ಸಂಜೆಗೆ ಗರಿಗರಿ ಆಗೋಯ್ತು ಕಣವ್ವ. ನೀನೇ ಇರು, ಸಾಕಮ್ಮ ಬ್ಯಾಡ" ಎಂದು ಒಬ್ಬಾಕೆ ನನ್ನ ಗಲ್ಲ ಸವರಿದಳು. ನನ್ನ ಸಿಟ್ಟಿನಲ್ಲಿ ಅವರು ಹಪ್ಪಳ ಒಣಗಿಸಿಕೊಂಡರು.

ಮಂಗಳವಾರ ಬೆಳಿಗ್ಗೆ ಹೊನ್ನಪ್ಪ ತೊಟ್ಟಿಯ ಹತ್ತಿರ ಬಂದ. ನನ್ನ ಮುಖ ನೋಡದೆ, "ವಾರಿಜಮ್ಮ, ನಮ್ಮತ್ತೆ ಬಂದವ್ರೆ. ಎಮ್ಮೆ ಹಾಲು ಕೊಡೋದ್ ನಿಲ್ಸ್‌ಬುಡ್ತು" ಎಂದ. ಅವನ ಹಿಂದೆ ಮೇಷ್ಟ್ರು ಏದುಸಿರು ಬಿಡುತ್ತಾ, ಹಲ್ಲೆಲ್ಲ ಕಾಣುವಂತೆ ನಗುತ್ತಾ ಹತ್ತಿ ಬಂದರು. ಅವರು ನನ್ನ ಮುಂದೆ ನಕ್ಕದ್ದನ್ನು ನಾನು ಕಂಡದ್ದೇ ಇರಲಿಲ್ಲ. "ಬೇಜಾರಾಗತ್ತಲ್ಲಮ್ಮ ಒಬ್ಬಳಿಗೇ, ಓದಿಕೊ ಅಂತ ತಂದೆ" ಎಂದು ಅಂದಿನ ಪೇಪರು ಚಾಚಿದರು. ಅದರ ನಾಲ್ಕನೇ ಪುಟದಲ್ಲಿ ಚೌಕದ ತೂತುಗಳಿದ್ದವು. ಕತ್ತರಿ ಹಿಡಿದು ಅಭ್ಯಾಸವಿಲ್ಲದ ಕೈ, ಅಂಚು ಸೊಟ್ಟಗಿತ್ತು.

"ತಂತಿ ಯಾವತ್ತು ಬಂತು ಸಾರ್?" ಎಂದೆ.

"ಯಾವ ತಂತಿ?" ಎಂದರು. ನಗು ಹಾಗೇ ಇತ್ತು.

ಹೊನ್ನಪ್ಪ ನೆಲ ನೋಡಿಕೊಂಡು, "ನಿನ್ನೆ ಸಂಜೇನೇ ಬಂದದೆ ಕಣಮ್ಮ. ಪೋಸ್ಟ್ ಮೇಷ್ಟ್ರ ಡ್ರಾದಲ್ಲಿ ಮಡಗವ್ರೆ" ಎಂದ. ಹನ್ನೆರಡು ವರ್ಷದಲ್ಲಿ ಆ ತೊಟ್ಟಿಯ ಬಳಿ ಅವನು ಹೇಳಿದ ಎರಡನೇ ಮಾತು ಅದು.

ದೋಟಿಯನ್ನು ಮೇಷ್ಟ್ರ ಕೈಗೆ ಕೊಟ್ಟೆ. ಅವರು ಏನೆಂದು ತಿಳಿಯದೆ ಹಿಡಿದುಕೊಂಡರು. ಅಂಚೆ ಕಚೇರಿಯಲ್ಲಿ ಹತ್ತು ಹದಿನೈದು ಜನ ಇದ್ದರು. ಕಂಬದ ಹಿಂದೆ ನಿಲ್ಲಲಿಲ್ಲ. ಕಟಕಟೆಗೆ ಕೈ ಊರಿ, ನನ್ನ ತಂತಿ ಕೊಡಿ ಎಂದೆ. ಪೋಸ್ಟ್ ಮೇಷ್ಟ್ರು ಜನರ ಮುಖ ನೋಡಿದರು, ಆಮೇಲೆ ಡ್ರಾ ಎಳೆದರು. ನಾನು ಅಲ್ಲೇ ನಿಂತು ಎಲ್ಲರಿಗೂ ಕೇಳುವಂತೆ ಓದಿದೆ, ಒಂದಕ್ಷರ ನುಂಗದೆ. ರತ್ನಳ ತಾಯಿ ಶನಿವಾರ ರಾತ್ರಿ ಬಂದು ಮುಟ್ಟಿದರು. ರತ್ನ ಭಾನುವಾರ ಮಧ್ಯಾಹ್ನದವರೆಗೂ ಅವರೊಡನೆ ಮಾತಾಡಿದಳು. ಸೋಮವಾರ ಬೆಳಿಗ್ಗೆ ತೀರಿಕೊಂಡಳು. ಹೆಣ್ಣು ಮಗು ಕ್ಷೇಮ. ಓದಿ ಮುಗಿಸುವಷ್ಟರಲ್ಲಿ ಒಬ್ಬರು ಕಿಟಕಿಯಾಚೆ ನೋಡಿ, "ಮೋಡ ಇಲ್ದಿದ್ರೂ ಇವತ್ತು ಹಸೀನೇ, ಮೊರ ಒಳಕ್ ತಗಳ್ಳಿ ಅಂತ ಮನೇಲಿ ಹೇಳ್ಬೇಕು" ಎಂದು ಮೆಲ್ಲಗೆ ಹೊರಟರು.

ಮೇಷ್ಟ್ರು ಸೋಮವಾರ ಬಸ್ಸು ಹತ್ತಿಸುತ್ತೇನೆ ಎಂದಿದ್ದರು.

ನಾನು ಗುಡ್ಡಕ್ಕೆ ವಾಪಸು ಹೋಗಿ ಸಂಜೆಯವರೆಗೂ ಎಲೆ ಎಳೆದೆ. ಕಣ್ಣು ಒರೆಸಿಕೊಳ್ಳಲಿಲ್ಲ. ದೀಪ ಹತ್ತಿದ ಮೇಲೆ ಇಳಿದು ಪವರ್ ಹೌಸಿಗೆ ಬಂದೆ. ಲಾಗ್ ಪುಸ್ತಕದ ಮೇಜಿನ ಮೇಲೆ ಬಲ್ಬು ಹನಿ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಹಂಚಿ ಉಳಿದ ಸ್ಮರಣ ಸಂಚಿಕೆಗಳ ಕಟ್ಟು ಮೂಲೆಯಲ್ಲಿ ನೆನೆದು ಉಬ್ಬಿತ್ತು. ಹೊನ್ನಪ್ಪ ಕುರ್ಚಿ ಎಳೆದುಕೊಟ್ಟು, ನನ್ನ ಪುಸ್ತಕದ ಮೇಲೆ ಕೊಡೆ ಹಿಡಿದು ನಿಂತ. ಇವತ್ತಿನ ಪುಟದಲ್ಲಿ 'ಬೆಳಕು ಹಸಿ' ಎಂದು ಬರೆದು, ಪಕ್ಕದಲ್ಲಿ ಒಂದು ಗೆರೆ ಎಳೆದು, 'ಕಾರಣ: ರತ್ನ, ಇಪ್ಪತ್ತಾರು ವರ್ಷ. ಶುಕ್ರವಾರದ ತಂತಿ ಹದಿನೆಂಟು ಗಂಟೆ ಮುಚ್ಚಿಟ್ಟರು' ಎಂದು ಸೇರಿಸಿದೆ. ಆಮೇಲೆ ಕಪಾಟಿನಿಂದ ಮೊದಲನೇ ಪುಸ್ತಕ ಇಳಿಸಿದೆ. ಅಲ್ಲಿ ಹನ್ನೊಂದು ತಿಂಗಳು, ಮುನ್ನೂರ ಮೂವತ್ತೊಂದು ಸಲ, 'ಬೆಳಕು ಒಣ' ಎಂದಿದೆ. ಪ್ರತಿಯೊಂದರ ಪಕ್ಕದಲ್ಲೂ ಬರೆಯುತ್ತಿದ್ದೇನೆ: 'ಕೆಂಪಣ್ಣ ಸತ್ತಿದ್ದಾನೆ. ದ್ಯಾವಮ್ಮನಿಗೆ ಹೇಳಿಲ್ಲ.' ಶಾಯಿ ಹರಡಿದ ಕಡೆ ಇನ್ನೊಮ್ಮೆ ತಿದ್ದುತ್ತಿದ್ದೇನೆ. ಹೊರಗೆ ಯಾರೋ ಬಂದು, ಇನ್ನೂ ಎಷ್ಟು ಹೊತ್ತು ಹಸಿ ಎಂದು ಕೇಳಿದರು. ಹೊನ್ನಪ್ಪ ನನ್ನ ಕಡೆ ನೋಡಿದ.

"ಅರವತ್ತೆರಡನೇ ದಿನಕ್ಕೆ ಬಂದಿದ್ದೇನೆ ಅಂತ ಹೇಳು" ಎಂದೆ.